ಗುಡ್ಡವಿಲ್ಲದ ದೇಶದಲ್ಲಿ ಮೀನಖಂಡದ ವಿಚಾರಣೆ

ಇಳಿದ ದಿನ

ಡೆನ್ಮಾರ್ಕಿನಲ್ಲಿ ಗುಡ್ಡ ಇಲ್ಲ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಅಲ್ಲಿಯೇ ಹುಟ್ಟುವ ಏರ್ಪಾಡು ಮಾಡಿಕೊಳ್ಳುತ್ತಿದ್ದೆ. ವಿಮಾನ ಇಳಿಯುವಾಗ ಕಿಟಕಿಯಿಂದ ನೋಡಿದರೆ ಹೊಲ, ಸಮುದ್ರ, ಸಮುದ್ರದೊಳಗೆ ಸಾಲಾಗಿ ನಿಲ್ಲಿಸಿದ ಗಾಳಿಯಂತ್ರಗಳು, ಮತ್ತೆ ಹೊಲ. ಎಲ್ಲ ಕಾಫಿ ಒಣಗಿಸುವ ಕಣದಷ್ಟು ಸಮತಟ್ಟು. ಪಕ್ಕದ ಸೀಟಿನಲ್ಲಿದ್ದ ಆ ದೇಶದ ವಯಸ್ಸಾದವರೊಬ್ಬರು, ನಮ್ಮಲ್ಲೂ ಒಂದು ಬೆಟ್ಟವಿದೆ, ಅದಕ್ಕೆ ಆಕಾಶಬೆಟ್ಟ ಎಂದು ಹೆಸರು ಎಂದು ಫೋನಿನಲ್ಲಿ ಫೋಟೊ ತೋರಿಸಿದರು. ಪಟ್ಲ ಬೆಟ್ಟದ ಬುಡದಲ್ಲಿ ಬೆಳೆದ ನಾವು ಅಂಥದ್ದನ್ನು ದಿಣ್ಣೆ ಅನ್ನುತ್ತೇವೆ. ಪಾಪ, ನೋಯಿಸುವುದೇಕೆಂದು ಬಹಳ ಎತ್ತರ ಎಂದೆ. ಅವರಿಗೆ ಸಂತೋಷವಾಯಿತು.

ನಾನು ಯಸಳೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ರೈಟರ್ ಎಂದರೆ ಕಥೆ ಬರೆಯುವವನಲ್ಲ. ಆಳುಗಳ ಹಾಜರಿ ಹಿಡಿಯುವುದು, ಹಣ್ಣು ತೂಗಿಸುವುದು, ಸ್ಟೋರಿನ ಬೀಗ ಕಾಯುವುದು ನನ್ನ ಕೆಲಸ. ಹೆಸರು ಯೋಗೇಶ. ವಿದೇಶ ನೋಡುವ ಆಸೆ ನನಗೆ ಯಾವತ್ತೂ ಇರಲಿಲ್ಲ. ಹೋದದ್ದು ಕಾಲಿನ ದೆಸೆಯಿಂದ.

ಚಿಕ್ಕಂದಿನಿಂದ ನನಗೆ ಏರು ಆಗುವುದಿಲ್ಲ. ಹತ್ತಲು ಶುರು ಮಾಡಿದ ಸ್ವಲ್ಪ ಹೊತ್ತಿಗೇ ಮೀನಖಂಡ ಕಲ್ಲಾಗುತ್ತದೆ. ಮುಂದೆ ಹೆಜ್ಜೆ ಇಡುತ್ತೇನೆಂದರೆ ಜೀವ ಹೋಗುವಷ್ಟು ನೋವು. ನಿಲ್ಲಲೇಬೇಕು. ನಿಂತು ಸುಧಾರಿಸಿಕೊಂಡರೆ ಆಮೇಲೆ ಏನೂ ಆಗದವನಂತೆ ಸಂಜೆಯವರೆಗೂ ನಡೆಯುತ್ತೇನೆ. ನನಗೆ ಮುಳುವಾದದ್ದು ಈ ಎರಡನೆಯ ಭಾಗ. ಪೂರ್ತಿ ಕುಂಟನಾಗಿದ್ದರೆ ಜನ ಅಯ್ಯೋ ಪಾಪ ಅನ್ನುತ್ತಿದ್ದರು. ನಿಂತವನು ಮತ್ತೆ ಸರಾಗ ನಡೆದುಬಿಟ್ಟರೆ ಏನನ್ನುತ್ತಾರೆ? ನಮ್ಮ ಮೇಸ್ತ್ರಿ ಸ್ವಾಮಣ್ಣ ನನ್ನ ಎದುರಿಗೇ ಆಳುಗಳಿಗೆ ಹೇಳುತ್ತಿದ್ದ: "ನಮ್ ರೈಟ್ರು ಏರು ಕಂಡ್ರೆ ಕಳ್ಳಬೀಳ್ತಾರೆ ಕಣ್ರೋ. ಊಟದ ಹೊತ್ಗೆ ಕಾಲು ತಾನಾಗೇ ಸರಿಹೋಯ್ತದೆ." ಅವರು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಇನ್ನೇನು ಮಾಡಲಿ.

ಹೋದ ವರ್ಷ ಕುಯ್ಲಿನಲ್ಲಿ ಒಂದು ದಿನ ಪಿಕಪ್ ಕೆಟ್ಟು ನಿಂತಿತು, ಮೇಲೆ ಮೋಡ ಕಟ್ಟಿತ್ತು. ಹಠಕ್ಕೆ ಬಿದ್ದು ಎಲ್ಲರ ಜೊತೆ ನಾನೂ ಹಣ್ಣಿನ ಮೂಟೆ ಹೊತ್ತು ಕಣಕ್ಕೆ ಹತ್ತಿದೆ. ಸಂಜೆ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ಬಂತು. ಹಾಸನಕ್ಕೆ ಓಡಿದೆವು, ಹಾಸನದವರು ಮಂಗಳೂರಿಗೆ ಕಳಿಸಿದರು. ಅಲ್ಲಿನ ಡಾಕ್ಟರು, ನಿಮ್ಮ ಸ್ನಾಯು ಒಡೆದು ಮೂತ್ರದಲ್ಲಿ ಹೋಗುತ್ತಿದೆ ಎಂದರು. ಕೆಲವರ ಸ್ನಾಯುವಿನಲ್ಲಿ ಸಕ್ಕರೆ ಬೇಕಾದಷ್ಟು ಕೂಡಿಟ್ಟಿರುತ್ತದೆ, ಆದರೆ ಬೇಕಾದಾಗ ಅದನ್ನು ಬಿಡಿಸಿಕೊಳ್ಳಲು ಬರುವುದಿಲ್ಲ, ಅಂಥದ್ದೊಂದು ಹುಟ್ಟುಕಾಯಿಲೆ ಇದೆ ಎಂದರು. ಸ್ಟೋರ್ ತುಂಬ ಮೂಟೆ, ಬೀಗದ ಕೈ ಇಲ್ಲ. ನನಗೆ ಅರ್ಥವಾದದ್ದು ಹಾಗೆ.

ಆದರೆ ಖಚಿತವಾಗಲಿಲ್ಲ. ಈ ಕಾಯಿಲೆಗೆ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ದೋಷ ಕೂಡಿ ಬರಬೇಕಂತೆ. ನನ್ನ ರಕ್ತದಲ್ಲಿ ಒಂದು ಸ್ಪಷ್ಟವಾಗಿ ಸಿಕ್ಕಿತು. ಇನ್ನೊಂದು ದೋಷವೋ ಅಲ್ಲವೋ ಯಾರೂ ಹೇಳಲಾರರು. ಕೋಪನ್‌ಹೇಗನ್‌ನಲ್ಲಿ ಕೆಲವರು ಎಂಆರ್‌ಐ ಯಂತ್ರದೊಳಗೆ ಕಾಲು ಆಡಿಸಲು ಹೇಳಿ, ಸ್ನಾಯು ಕೆಲಸ ಮಾಡುತ್ತಿರುವಾಗಲೇ ಒಳಗೆ ಏನು ಉರಿಯುತ್ತಿದೆ, ರಕ್ತ ಹೇಗೆ ಹರಿಯುತ್ತಿದೆ ಎಂದು ನೋಡುತ್ತಾರೆ ಎಂದು ನನಗೆ ತಿಳಿಸಿ ಡಾಕ್ಟರು ಅವರಿಗೆ ಬರೆದರು. ಅವರು ಬನ್ನಿ ಎಂದರು. ಖರ್ಚು ಅವರದೇ, ಜೊತೆಗೊಬ್ಬರು ಬರಬಹುದು.

ನನ್ನೊಬ್ಬನದೇ ಆಗಿದ್ದರೆ ಹೋಗುತ್ತಿರಲಿಲ್ಲ. ನಲವತ್ತು ದಾಟಿದವನಿಗೆ ಮೈಗಳ್ಳ ಎಂಬ ಹೆಸರು ಅಂಗಿಯ ಹಾಗೆ ಒಗ್ಗಿಹೋಗಿರುತ್ತದೆ. ಆದರೆ ನನ್ನ ಮಗಳು ಸಿಂಚನಾಗೂ ಈಗ ಮೀನಖಂಡ ಕಲ್ಲಾಗುತ್ತಿದೆ. ಸ್ಕೂಲಿನಲ್ಲಿ ಓಡುವಾಗ ನಿಂತುಬಿಡುತ್ತಾಳೆ. ಪಿ.ಟಿ. ಮೇಷ್ಟ್ರು, ಅಪ್ಪನ ಚಾಳಿ ಕಲಿತಿದ್ದೀಯ ಎಂದು ಇನ್ನೊಂದು ಸುತ್ತು ಓಡಿಸಿದರು. ಅವಳು ಓಡಿದಳು. ಮನೆಗೆ ಬಂದವಳು ಕಾಲು ಒತ್ತಿಕೊಳ್ಳುತ್ತ ಕೂತಿದ್ದಳು. ಮೂಟೆ ಹೊತ್ತ ಸಂಜೆ ನನಗೇನಾಯಿತೋ ಅದು ಅವಳಿಗೂ ಆಗಬಹುದು ಎಂದು ಡಾಕ್ಟರು ಹೇಳಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಅಷ್ಟು ಚಿಕ್ಕವರನ್ನು ಆ ಪರೀಕ್ಷೆಗೆ ತೆಗೆದುಕೊಳ್ಳುವುದಿಲ್ಲ. ನನ್ನಲ್ಲಿ ತೋರಿದರೆ ಅವಳ ದಾರಿ ಸುಲಭವಾಗುತ್ತದೆ, ನನ್ನಲ್ಲಿ ಇಲ್ಲವೆಂದಾದರೆ ಅವಳಿಗೂ ಇಲ್ಲವೆಂದೇ ಜನ ಅನ್ನುತ್ತಾರೆ, ಮೇಷ್ಟ್ರು ಹೇಳಿದ್ದೇ ಸರಿ ಎಂದಾಗುತ್ತದೆ. ಬೇಸಿಗೆ ರಜೆಯಲ್ಲಿ ಅವಳನ್ನು ಪಾಳ್ಯದಲ್ಲಿರುವ ನಮ್ಮತ್ತೆಯ ಮನೆಯಲ್ಲಿ ಬಿಟ್ಟು ನಾನೂ ಹೆಂಡತಿಯೂ ಹೊರಟೆವು.

ಹೆಂಡತಿ ಮಂಜುಳಾ ನನ್ನ ಸೋದರಮಾವನ ಮಗಳು. ಮದುವೆಗೆ ಮುಂಚೆ ಬಾವ ಅನ್ನುತ್ತಿದ್ದಳು, ಈಗಲೂ ಬಾವ ಅನ್ನುತ್ತಾಳೆ.

ಊರು

ಆಸ್ಪತ್ರೆಯವರು ರೋಗಿಗಳಿಗೆಂದೇ ಒಂದು ವಸತಿ ಇಟ್ಟಿದ್ದಾರೆ. ಅಲ್ಲಿ ರೂಮು, ಕೊನೆಯಲ್ಲಿ ಎಲ್ಲರಿಗೂ ಸೇರಿದ ಅಡುಗೆಮನೆ. ಮಂಜುಳಾ ಮೊದಲು ಮಾಡಿದ ಕೆಲಸ ಒಲೆ ಹತ್ತಿಸುವುದನ್ನು ಕಲಿತದ್ದು. ಅದಕ್ಕೆ ಬೆಂಕಿಯೇ ಇಲ್ಲ, ಗಾಜಿನ ಮೇಲೆ ಬೆರಳಿಟ್ಟರೆ ಕಾಯುತ್ತದೆ. ಮೇಲೆ ಇಟ್ಟ ಒದ್ದೆ ಬಟ್ಟೆ ನೋಡಿ ಅದು ಕೂಗಿಕೊಂಡಿತು. ಪಕ್ಕದ ರೂಮಿನವರು ಬಂದು ಆರಿಸಿ, ಒಂದು ಮಾತೂ ಆಡದೆ ಹೋದರು.

ಮಾತಾಡದಿರುವುದರಲ್ಲಿ ಈ ಜನರನ್ನು ಮೀರಿಸುವವರಿಲ್ಲ. ಟ್ರೈನಿನಲ್ಲಿ ಒಂದು ಡಬ್ಬಿ ಸುಮ್ಮನಿರುವವರಿಗೆಂದೇ ಇದೆ. ನಾವು ಗೊತ್ತಿಲ್ಲದೆ ಅದನ್ನೇ ಹತ್ತಿ ಕೂತು ಊರಿಗೆ ವಿಡಿಯೋ ಕಾಲ್ ಮಾಡಿದೆವು. ಪಾಳ್ಯದಿಂದ ಅತ್ತೆ, "ಚಳಿ ಐತಾ? ಸ್ವೆಟರ್ ಹಾಕ್ಕಂಡ್ರಾ?" ಎಂದು ಗದ್ದೆಯಾಚೆ ಕೂಗುವ ಗಂಟಲಲ್ಲಿ ಕೇಳಿದರು. ಡಬ್ಬಿಯಲ್ಲಿದ್ದ ಅಷ್ಟೂ ಜನ ತಲೆ ಎತ್ತಿ, ಗೋಡೆಯ ಮೇಲಿನ ಬೋರ್ಡು ನೋಡಿ, ಮತ್ತೆ ತಲೆ ತಗ್ಗಿಸಿದರು. ಬೈದಿದ್ದರೇ ವಾಸಿ ಇತ್ತು.

ಹೋಟೆಲುಗಳ ಹೊರಗೆ ಕೂಸುಗಳನ್ನು ಗಾಡಿಯಲ್ಲಿ ಮಲಗಿಸಿ ತಾಯಂದಿರು ಒಳಗೆ ಕಾಫಿ ಕುಡಿಯುತ್ತಿರುತ್ತಾರೆ. ಚಳಿಗಾಳಿಯಲ್ಲಿ ಮಲಗಿದರೆ ಮಕ್ಕಳಿಗೆ ಒಳ್ಳೆಯದಂತೆ. ಮಂಜುಳಾಗೆ ಇದನ್ನು ನೋಡಲು ಆಗಲಿಲ್ಲ. ಒಂದು ಗಾಡಿಯ ಪಕ್ಕ ನಿಂತೇಬಿಟ್ಟಳು. "ಅವರವ್ವ ಬರಗಂಟ ಇರ್ತೀನಿ ಬಾವ, ನೀವು ಬೇಕಾರೆ ಹೋಗಿ" ಎಂದಳು. ತಾಯಿ ಹೊರಬಂದು ಗಾಬರಿಯಾದಳು. ಮಗುವನ್ನು ನಾವು ಕದಿಯುವವರಲ್ಲ, ಕಾಯುವವರು ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ವಿವರಿಸಬೇಕಾಯಿತು.

ಕಾಫಿ ವಿಷಯದಲ್ಲಿ ನನಗೆ ಕುತೂಹಲವಿತ್ತು. ಒಂದು ಅಂಗಡಿಯಲ್ಲಿ ಭಾರತದ ಕಾಫಿ ಎಂದು ಬರೆದ ಪೊಟ್ಟಣ ಕಂಡಿತು. ಅಂಗಡಿಯವನು ಇದರಲ್ಲಿ ಒಣಹಣ್ಣಿನ ರುಚಿ ಬರುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಿದ. ನಮ್ಮಲ್ಲಿ ಕಾಫಿಗೆ ಹಣ್ಣಿನ ರುಚಿ ಬಂದರೆ ಕಣದಲ್ಲಿ ಸರಿಯಾಗಿ ಒಣಗಿಸಲಿಲ್ಲ ಎಂದು ಎಸ್ಟೇಟಿನ ಸಾಹುಕಾರರು ನನ್ನನ್ನು ಕರೆದು ಬೈಯುತ್ತಾರೆ. ಹಾಲು ಸಕ್ಕರೆ ಹಾಕದೆ ಅದನ್ನೇ ಕೊಟ್ಟ, ಕುಡಿದೆವು. ನನ್ನಂಥ ಇನ್ನೊಬ್ಬ ರೈಟರ್ ಎಲ್ಲೋ ಬೈಸಿಕೊಂಡಿರಬೇಕು ಅನ್ನಿಸಿತು.

ಇಷ್ಟೆಲ್ಲ ತಿರುಗಿದರೂ ನಾನು ಒಂದು ಸಲವೂ ನಿಲ್ಲಲಿಲ್ಲ. ಸಂಜೆ ಮಂಜುಳಾ ನನ್ನ ಮುಖ ನೋಡಿ, "ನಿಮ್ಗೆ ಇಲ್ಲಿ ಏನೂ ಆಯ್ತಾನೇ ಇಲ್ವಲ್ಲ ಬಾವ" ಎಂದಳು. ಸಂತೋಷಕ್ಕೆ ಹೇಳಿದಳೋ ಅನುಮಾನಕ್ಕೆ ಹೇಳಿದಳೋ ನಾನು ಕೇಳಲಿಲ್ಲ.

ಕೊಳವೆ

ಪರೀಕ್ಷೆಯನ್ನು ನೋಡಿಕೊಳ್ಳುವಾಕೆ ಕಿರ್ಸ್ಟನ್. ಡಾಕ್ಟರಲ್ಲ, ಭೌತಶಾಸ್ತ್ರ ಓದಿದ ಸಂಶೋಧಕಿ. ನನಗಿಂತ ಒಂದು ಗೇಣು ಎತ್ತರ. ಹಿಂದಿನ ದಿನ ಭೇಟಿಯಾದಾಗ, ನಾಳೆ ಉಪವಾಸ ಬರಬೇಕು, ಅಭ್ಯಾಸ ಇದೆಯೇ ಎಂದರು. ನಮಗೆ ಉಪವಾಸ ಹೊಸದಲ್ಲ, ಶಿವರಾತ್ರಿಗೆ, ಏಕಾದಶಿಗೆ ಮಾಡುತ್ತಲೇ ಇರುತ್ತೇವೆ ಎಂದೆ. ಹಾಗಾದರೆ ನಾನು ನಿಮಗೆ ಹೇಳಿಕೊಡುವುದೇನೂ ಇಲ್ಲ ಎಂದು ನಕ್ಕರು. ಕಾಫಿಯೂ ಬೇಡ ಎಂದರು. ಅದೊಂದೇ ನನಗೆ ಕಷ್ಟವೆನಿಸಿತು.

ಬೆಳಿಗ್ಗೆ ಮಂಜುಳಾ ಸ್ನಾನ ಮಾಡಿ, ನನಗೂ ಮಾಡಿಸಿ, ಉಪವಾಸದ ಶಿಸ್ತಿನಿಂದ ಕರೆದುಕೊಂಡು ಹೊರಟಳು.

ಯಂತ್ರದ ರೂಮಿಗೆ ಲೋಹ ಒಯ್ಯುವಂತಿಲ್ಲ. ವಾಚು, ಉಂಗುರ, ಬೆಲ್ಟು ಎಲ್ಲ ಬಿಚ್ಚಿಟ್ಟೆ. ಯಂತ್ರ ನಡೆಸುವ ಯೆನ್ಸ್ ಎಂಬಾತ, ಇನ್ನೇನಾದರೂ ಇದೆಯೇ ಎಂದು ಕೇಳಿದ. ಇಲ್ಲ ಎಂದವನಿಗೆ ಉಡುದಾರದ ತಾಯಿತ ನೆನಪಾಯಿತು. ಸೊಂಟಕ್ಕೆ ದಾರ ಯಾಕೆ ಕಟ್ಟಿದ್ದೀರಿ ಎಂದು ಕೇಳಿದ. ಎಲ್ಲರೂ ಕಟ್ಟುತ್ತೇವೆ ಎಂದೆ. ಪ್ಯಾಂಟು ನಿಲ್ಲಲಿಕ್ಕೋ ಎಂದ. ಹೌದೆಂದು ಹೇಳಿ ಮಾತು ಮುಗಿಸಿದೆ. ತಾಯಿತವನ್ನು ಮಂಜುಳಾ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಕೊಳವೆಯೊಳಗೆ ಮಲಗಿಸಿ, ಮೀನಖಂಡದ ಕೆಳಗೆ ಒಂದು ಸುರುಳಿ ಇಟ್ಟು, ಪಾದವನ್ನು ಪೆಡಲಿಗೆ ಬಿಗಿದರು. ತೊಡೆಗೆ ಬಿಪಿ ನೋಡುವಂಥ ದೊಡ್ಡ ಪಟ್ಟಿ. ಪಟ್ಟಿ ಬಿಗಿದು ರಕ್ತ ತಡೆದು, ಆಮೇಲೆ ಬಿಟ್ಟು, ಅದು ಹೇಗೆ ನುಗ್ಗುತ್ತದೆಂದು ನೋಡುತ್ತಾರೆ. ಪೆಡಲ್ ಒತ್ತುವಾಗ ಸುರುಳಿ ಸ್ನಾಯುವಿನೊಳಗಿನ ರಂಜಕದ ಸದ್ದು ಕೇಳಿಸಿಕೊಳ್ಳುತ್ತದೆ. ಫೋಟೊ ತೆಗೆಯುವುದು ಒಂದು ಕೆಲಸ, ಹೀಗೆ ಕೇಳಿಸಿಕೊಳ್ಳುವುದು ಇನ್ನೊಂದು ಎಂದು ಕಿರ್ಸ್ಟನ್ ವಿವರಿಸಿದ್ದರು. ಯಾರದೇ ಸ್ನಾಯು ಜೋರಾಗಿ ಕೆಲಸ ಮಾಡಿದರೆ ಒಳಗಿನ ಸಕ್ಕರೆ ಉರಿದು ಹುಳಿಯಾಗುತ್ತದೆ. ಈ ಕಾಯಿಲೆಯವರದು ಆಗುವುದಿಲ್ಲ. ಕೇಳಿಸಿಕೊಂಡದ್ದು ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ, ಅದರ ಒಂದು ಉಬ್ಬು ಪಕ್ಕಕ್ಕೆ ಸರಿದರೆ ಹುಳಿ, ಸರಿಯದಿದ್ದರೆ ಕಾಯಿಲೆ.

ಯಂತ್ರದ ಸದ್ದು ಹಿಟ್ಟಿನ ಗಿರಣಿಯನ್ನೂ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರವನ್ನೂ ಒಟ್ಟಿಗೆ ಓಡಿಸಿದಂತಿತ್ತು. ಒತ್ತಿ ಎಂದಾಗ ಒತ್ತಿದೆ, ಬಿಡಿ ಎಂದಾಗ ಬಿಟ್ಟೆ. ನೋವು ಬರುತ್ತದೆಂದು ಕಾದೆ. ಕಾಲು ಸ್ವಲ್ಪ ಬಿಗಿದುಕೊಂಡಿತು, ಅಷ್ಟೆ. ಜೀವಮಾನವಿಡೀ ಕೈಕೊಟ್ಟ ಕಾಲು ಅವತ್ತು ಕೈಕೊಡಲಿಲ್ಲ.

ಹೊರಗೆ ಬಂದಾಗ ಪರದೆಯ ಮೇಲೆ ನನ್ನ ಕಾಲಿನ ಚಿತ್ರವಿತ್ತು, ಬಾಳೆದಿಂಡನ್ನು ಅಡ್ಡ ಕುಯ್ದ ಹಾಗೆ. ಕಿರ್ಸ್ಟನ್ ಅದನ್ನು ನೋಡುತ್ತಿರಲಿಲ್ಲ. ಪಕ್ಕದ ಗೆರೆಗಳನ್ನು ನೋಡುತ್ತಿದ್ದರು.

"ಉಬ್ಬು ಸರಿದಿದೆ," ಎಂದರು. "ಜಾಸ್ತಿಯಲ್ಲ, ಆದರೆ ಸರಿದಿದೆ. ನಿಮ್ಮ ಸ್ನಾಯು ಸಕ್ಕರೆ ಉರಿಸುತ್ತಿದೆ. ನಾವು ಹುಡುಕುತ್ತಿರುವ ಕಾಯಿಲೆ ನಿಮಗೆ ಇರಲಿಕ್ಕಿಲ್ಲ. ಇನ್ನೊಮ್ಮೆ ಲೆಕ್ಕ ಹಾಕಿ ನಾಳೆ ಹೇಳುತ್ತೇನೆ."

ಕಾಯಿಲೆ ಇಲ್ಲ ಎಂದಾಗ ಅಳು ಬಂದ ಮನುಷ್ಯ ಆ ಆಸ್ಪತ್ರೆಯಲ್ಲಿ ನಾನೊಬ್ಬನೇ ಇರಬೇಕು. ಮಂಜುಳಾ ಏನಂದ್ರು ಎಂದು ಕೇಳಿದಳು. ನಾಳೆ ಹೇಳ್ತಾರಂತೆ ಎಂದೆ.

ಗುಂಡು ಗೋಪುರ

ಆ ಮಧ್ಯಾಹ್ನ ಕಾಲುವೆಯ ದಂಡೆಯಲ್ಲಿ ಬೆಂಚಿನ ಮೇಲೆ ಕೂತು ಸೈಕಲ್ಲುಗಳನ್ನು ನೋಡಿದೆವು. ಕೋಟು ಹಾಕಿದವರು, ಬಸುರಿಯರು, ಕೂಸುಗಳನ್ನು ಪೆಟ್ಟಿಗೆಯಲ್ಲಿ ಕೂರಿಸಿಕೊಂಡವರು, ಊರಿಗೆ ಊರೇ ಪೆಡಲ್ ತುಳಿಯುತ್ತಿತ್ತು. ಸಿಗ್ನಲ್ ಕೆಂಪಾದರೆ, ದಾರಿಯಲ್ಲಿ ಒಂದು ನಾಯಿಯೂ ಇಲ್ಲದಿದ್ದರೂ, ಎಲ್ಲರೂ ನಿಲ್ಲುತ್ತಿದ್ದರು.

ನನ್ನ ಮೇಲೆ ನನಗೇ ಅನುಮಾನ ಬಂತು. ಯಂತ್ರ ಯಾರ ಪರವೂ ಅಲ್ಲ. ಹಾಗಾದರೆ ನಾನು ಹುಟ್ಟಿದಾಗಿನಿಂದ ನಾಟಕ ಆಡುತ್ತಿದ್ದೇನೆಯೆ? ಆ ನಾಟಕವನ್ನು ನೋಡಿ ನೋಡಿ ಮಗಳೂ ಕಲಿತಳೆ? ಸ್ವಾಮಣ್ಣನಿಗೆ, ಮೇಷ್ಟ್ರಿಗೆ ಗೊತ್ತಿದ್ದದ್ದು ನನಗೆ ಮಾತ್ರ ಗೊತ್ತಿರಲಿಲ್ಲವೆ? ನನಗೆ ಭಯವಾಯಿತು.

ಆ ಊರಿನಲ್ಲಿ ಹಳೆಯದೊಂದು ಗುಂಡು ಗೋಪುರ ಇದೆ. ಹಿಂದೆ ನಕ್ಷತ್ರ ನೋಡಲು ಕಟ್ಟಿಸಿದ್ದಂತೆ. ಅದಕ್ಕೆ ಮೆಟ್ಟಿಲಿಲ್ಲ, ಒಳಗೆ ಇಟ್ಟಿಗೆ ಹಾಸಿದ ದಾರಿ ಸುತ್ತಿ ಸುತ್ತಿ ಮೇಲಕ್ಕೆ ಹೋಗುತ್ತದೆ. ನಮ್ಮ ಕಾಲ್ನಡಿಗೆಗೆ ಸಿಕ್ಕ ಏರು ಅದೊಂದೇ. ಸಂಜೆ ಮಂಜುಳಾಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಯಾಕೆಂದು ಹೇಳಲಿಲ್ಲ. ಅವಳಿಗೆ ಗೊತ್ತಿತ್ತು ಅನ್ನಿಸುತ್ತದೆ.

ಬೇಕೆಂದೇ ಬಿರುಸಾಗಿ ಹತ್ತಿದೆ. ಎರಡನೆಯ ಸುತ್ತಿಗೆ ಎರಡೂ ಮೀನಖಂಡ ಕಲ್ಲಾದವು. ಗೋಡೆ ಹಿಡಿದು ನಿಂತೆ. ಮಂಜುಳಾ ಬಗ್ಗಿ ಬೆರಳಿನಿಂದ ಒತ್ತಿ ನೋಡಿದಳು.

"ಕಲ್ಲು ಕಣ್ ಬಾವ," ಎಂದಳು. "ಮಿಷಿನ್ನು ಏನಾರ ಹೇಳ್ಕಳ್ಲಿ. ನನ್ ಕೈಗೆ ಸಿಕ್ತಾ ಐತಲ್ಲ."

ಜನ ನಮ್ಮನ್ನು ಬಳಸಿಕೊಂಡು ಹತ್ತಿ ಹೋಗುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ. ಈ ಜನ ಮಾತಾಡದಿರುವುದು ಒಳ್ಳೆಯದು ಎಂದು ಮೊದಲ ಸಲ ಅನ್ನಿಸಿತು.

ಡಬ್ಬಿ

ಮರುದಿನ ಕಿರ್ಸ್ಟನ್ ತಾವೇ ವಸತಿಗೆ ಬಂದರು. ಅಡುಗೆಮನೆಯ ಮೇಜಿನ ಮುಂದೆ ಕೂತೆವು. ಲೆಕ್ಕ ಬದಲಾಗಿಲ್ಲ ಎಂದರು. ನಾನು ಗೋಪುರದ ಸಂಗತಿ ಹೇಳಿದೆ. ಅವರು ಹುಬ್ಬು ಗಂಟು ಹಾಕಿದರು.

"ಪೆಡಲ್ ಒತ್ತುವಾಗ ಏನೂ ಆಗಲಿಲ್ಲವಲ್ಲ?"

"ಇಲ್ಲ."

"ಸಂಜೆ ಆಯಿತು."

"ಆಯಿತು."

ಅವರು ಪೆನ್ನು ಕಚ್ಚುತ್ತ ಸುಮ್ಮನಾದರು. ಮನೆಗೆ ಬಂದವರು ಹೀಗೆ ಸುಮ್ಮನೆ ಕೂರುವುದು ಮಂಜುಳಾಗೆ ಸಹಿಸಲಾಗದು. ಬಂದವರಿಗೆ ಏನಾದರೂ ಕೊಡಬೇಕು. ಎದ್ದು ಸ್ಟೀಲ್ ಡಬ್ಬಿ ತಂದು ಅವರ ಮುಂದಿಟ್ಟಳು.

"ಏನೂ ಇಲ್ಲ ಅನ್ನಿ ಬಾವ, ಇರದು ಇದೇ. ನಿನ್ನೆ ಉಪವಾಸಕ್ಕೆ ಅಂತ ಮಾಡಿದ್ನಲ್ಲ, ಇವತ್ತೂ ಅದ್ನೇ ಕಲಸ್ದೆ."

ನಾನು ಹೇಳಿದೆ. ಕಿರ್ಸ್ಟನ್ ಸೌಜನ್ಯಕ್ಕೆ ಒಂದು ಚಮಚ ಬಾಯಿಗಿಟ್ಟುಕೊಂಡರು. ಅಗಿದರು. ಅಗಿಯುವುದನ್ನು ನಿಲ್ಲಿಸಿದರು.

"ಇದು ಸಿಹಿ ಇದೆ," ಎಂದರು.

"ಅವಲಕ್ಕಿ. ಬೆಲ್ಲ, ಕಾಯಿತುರಿ, ಬಾಳೆಹಣ್ಣು."

"ಇದನ್ನು ಯಾವಾಗ ತಿನ್ನುತ್ತೀರಿ?"

"ಉಪವಾಸದ ದಿನ. ಅನ್ನ ತಿನ್ನಬಾರದಲ್ಲ, ಅದಕ್ಕೆ."

"ಪರೀಕ್ಷೆಯ ದಿನ ಬೆಳಿಗ್ಗೆ?"

"ತಿಂದೆ. ಹೊರಡುವ ಮುಂಚೆ, ಒಂದು ತಟ್ಟೆ."

ಆ ಎತ್ತರದ ಹೆಂಗಸು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆಂದು ಮಂಜುಳಾ ಗಾಬರಿಯಾದಳು. ನಗುತ್ತಿದ್ದರು.

ನಗು ಮುಗಿದ ಮೇಲೆ ವಿವರಿಸಿದರು. ಅವರ ಉಪವಾಸ ಎಂದರೆ ಬರೀ ನೀರು. ಸ್ನಾಯು ತನ್ನೊಳಗಿನ ಸಕ್ಕರೆಯನ್ನು ಬಿಡಿಸಿಕೊಳ್ಳುತ್ತದೆಯೋ ಇಲ್ಲವೋ ನೋಡಬೇಕಾದರೆ ಹೊರಗಿನಿಂದ ಬೇರೆ ಸಕ್ಕರೆ ಬರುತ್ತಿರಬಾರದು. ನಾನು ಬಾಳೆಹಣ್ಣು ಬೆಲ್ಲ ತಿಂದು ಹೋಗಿ ಮಲಗಿದ್ದೆ. ಅದು ರಕ್ತದಲ್ಲಿ ಹರಿದು ಸ್ನಾಯುವಿಗೆ ತಲುಪಿ, ಉರಿದು, ಉಬ್ಬನ್ನು ಸರಿಸಿತ್ತು. ಸ್ಟೋರಿನ ಬೀಗ ತೆಗೆಯದೆ ಕಿಟಕಿಯಲ್ಲಿ ಮೂಟೆ ಕೊಟ್ಟ ಹಾಗೆಯೆ ಎಂದು ಕೇಳಿದೆ. ಹಾಗೆಯೇ ಎಂದರು.

ಮಂಜುಳಾಗೆ ಇದನ್ನು ಕನ್ನಡದಲ್ಲಿ ಹೇಳಿದಾಗ ಅವಳ ಮುಖ ಬಾಡಿತು. "ಅಷ್ಟು ದೂರದಿಂದ ಬಂದು ನಾನೇ ಕೆಡಿಸ್ಬುಟ್ನಲ್ಲ ಬಾವ."

"ನಾನು ತಿನ್ನಲಿಲ್ವಾ? ಉಪವಾಸ ಅಂದ್ರೆ ನಂಗೂ ಅದೇ ತಾನೆ ಗೊತ್ತಿದ್ದದ್ದು."

"ನಾನು ಕೇಳಬೇಕಿತ್ತು," ಎಂದರು ಕಿರ್ಸ್ಟನ್, ನಾವು ಏನು ಮಾತಾಡಿಕೊಂಡೆವೆಂದು ಊಹಿಸಿ. ಆಮೇಲೆ ಇನ್ನೊಂದು ಚಮಚ ತಿಂದರು.

ತೊಂದರೆ ಇನ್ನೊಂದಿತ್ತು. ನಾವು ಸೋಮವಾರ ಹೊರಡಬೇಕು. ಅಲ್ಲಿಯವರೆಗೆ ಯಂತ್ರ ಬೇರೆ ರೋಗಿಗಳಿಗೆ ನಿಗದಿಯಾಗಿತ್ತು. ಖಾಲಿ ಇದ್ದದ್ದು ಭಾನುವಾರ ಬೆಳಿಗ್ಗೆ. ಆ ದೇಶದಲ್ಲಿ ಭಾನುವಾರ ಕೆಲಸಕ್ಕೆ ಕರೆಯುವುದು, ನಮ್ಮಲ್ಲಿ ಯುಗಾದಿಯ ದಿನ ಆಳು ಕರೆದ ಹಾಗೆ. ಕಿರ್ಸ್ಟನ್ ಅಲ್ಲಿಂದಲೇ ಯೆನ್ಸ್‌ಗೆ ಫೋನ್ ಮಾಡಿದರು. ಅವರ ಭಾಷೆಯಲ್ಲಿ ಮಾತು ಬಹಳ ಹೊತ್ತು ನಡೆಯಿತು. ನನಗೆ ಅರ್ಥವಾದದ್ದು ಯೆನ್ಸ್‌ನ ಮೌನ ಮಾತ್ರ. ಕೊನೆಗೆ ಅವರು ಫೋನಿಟ್ಟು, "ಅವನ ಅತ್ತೆ ಮನೆಯಲ್ಲಿ ಊಟ ಇದೆಯಂತೆ. ತಪ್ಪಿಸಿಕೊಳ್ಳಲು ಕಾರಣ ಸಿಕ್ಕಿತು ಅಂದ" ಎಂದರು.

ಮತ್ತೆ ತಪ್ಪಾಗುವುದು ಬೇಡವೆಂದು ಮಂಜುಳಾ ಶನಿವಾರ ಸಂಜೆಯೇ ಬೆಲ್ಲ, ಬಾಳೆಹಣ್ಣು, ಅವಲಕ್ಕಿ ಎಲ್ಲವನ್ನೂ ಸೂಟ್‌ಕೇಸಿಗೆ ಹಾಕಿ ಬೀಗ ಜಡಿದಳು.

ಭಾನುವಾರ

ಆಸ್ಪತ್ರೆಯ ಪಡಸಾಲೆಯಲ್ಲಿ ನಮ್ಮ ಹೆಜ್ಜೆಯ ಸದ್ದು ಬಿಟ್ಟರೆ ಬೇರೇನಿಲ್ಲ. ಬರೀ ನೀರು ಕುಡಿದು ನನ್ನ ತಲೆ ಸಿಡಿಯುತ್ತಿತ್ತು. ಕಾಫಿಯಿಲ್ಲದೆ ಬದುಕುವವರ ಬಗ್ಗೆ ನನಗೆ ಅವತ್ತು ಗೌರವ ಬಂತು.

ಮತ್ತೆ ಕೊಳವೆ, ಮತ್ತೆ ಗಿರಣಿಯ ಸದ್ದು. ಒತ್ತಿ ಎಂದರು. ಕೆಲವೇ ಸಲ ಒತ್ತಿದೆ, ಮೀನಖಂಡ ಗಂಟು ಬೀಳತೊಡಗಿತು. ಕೈಯಲ್ಲೊಂದು ರಬ್ಬರ್ ಚೆಂಡು ಕೊಟ್ಟಿದ್ದರು. ಆಗದಿದ್ದರೆ ಅದನ್ನು ಹಿಸುಕಬೇಕು. ಹಿಸುಕಿದರೆ ಪರೀಕ್ಷೆ ಅರ್ಧಕ್ಕೇ ನಿಲ್ಲುತ್ತದೆ ಎಂದು ಹೆದರಿ ಹಲ್ಲು ಕಚ್ಚಿ ಒತ್ತಿದೆ. ಒಳಗಿನ ಸ್ಪೀಕರಿನಲ್ಲಿ ಕಿರ್ಸ್ಟನ್ ಅವರ ದನಿ ಬಂತು: "ಸಾಕು. ನಿಲ್ಲಿಸಿ. ನಮಗೆ ಬೇಕಾದ್ದು ಸಿಕ್ಕಿದೆ. ಇನ್ನು ಒತ್ತಿದರೆ ನಿಮಗೆ ಅಪಾಯ."

ನಿಲ್ಲಿಸಿ ಎಂದು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಮಲಗಿದ್ದರಿಂದ ಕಿವಿಯೊಳಗೆ ಹರಿಯಿತು.

ಹೊರಗೆ ಎರಡೂ ದಿನದ ಗೆರೆಗಳನ್ನು ಒಂದರ ಕೆಳಗೊಂದು ಇಟ್ಟು ತೋರಿಸಿದರು. ಮೇಲಿನದು ಅವಲಕ್ಕಿಯ ದಿನ, ಕೆಳಗಿನದು ನೀರಿನ ದಿನ. ಕೆಳಗಿನದರಲ್ಲಿ ಉಬ್ಬು ಹುಳಿಯ ಕಡೆಗೆ ಒಂದು ಕೂದಲೆಳೆಯೂ ಸರಿದಿರಲಿಲ್ಲ. ರಕ್ತ ಮಾತ್ರ ಬೇಕಾದ್ದಕ್ಕಿಂತ ಜಾಸ್ತಿ ನುಗ್ಗಿತ್ತು. ದಾರಿ ಚೆನ್ನಾಗಿದೆ, ಸ್ನಾಯು ಹಸಿದು ಕೂಗುತ್ತಿದೆ, ತನ್ನಲ್ಲಿರುವುದನ್ನು ತೆಗೆದುಕೊಳ್ಳಲು ಮಾತ್ರ ಅದಕ್ಕೆ ಆಗುತ್ತಿಲ್ಲ ಎಂದರು. ನೀವು ನಿಂತು ಸುಧಾರಿಸಿಕೊಳ್ಳುವಾಗ ಆ ರಕ್ತ ಬೇರೆ ಕಡೆಯಿಂದ ಉರುವಲು ತಂದು ಕೊಡುತ್ತದೆ, ಅದಕ್ಕೇ ಆಮೇಲೆ ನಡೆಯುತ್ತೀರಿ ಎಂದರು. ನನ್ನನ್ನು ಇಡೀ ಊರಿಗೆ ಸುಳ್ಳುಗಾರನನ್ನಾಗಿ ಮಾಡಿದ ಸಂಗತಿಯೇ ಈ ಕಾಯಿಲೆಯ ಗುರುತಂತೆ.

"ಅಂದರೆ ಇದೆಯೆ?" ಎಂದೆ.

"ಇದೆ. ನನಗೆ ಸಂಶಯವಿಲ್ಲ. ಮೊದಲನೆಯ ದಿನವೂ ವ್ಯರ್ಥವಾಗಲಿಲ್ಲ. ಸಕ್ಕರೆ ಕೊಟ್ಟರೆ ಏನಾಗುತ್ತದೆ, ಕೊಡದಿದ್ದರೆ ಏನಾಗುತ್ತದೆ, ಒಬ್ಬರಲ್ಲೇ ಎರಡೂ ಸಿಕ್ಕಿತು."

ನನಗೆ ಸಂತೋಷವಾಯಿತು, ಮುಚ್ಚಿಡುವುದೇನು. ಮದುವೆಯ ದಿನವೂ ಅಷ್ಟು ಆಗಿರಲಿಲ್ಲ.

ಮಂಜುಳಾ ನನ್ನ ತೋಳು ಜಗ್ಗಿದಳು. "ಮಗೀಗೆ ಎಲ್ಲಿಂದ ಬಂತು ಕೇಳಿ ಬಾವ. ನಿಮ್ಮೊಬ್ರಿಂದ್ಲೇನಾ?"

ಕೇಳಿದೆ. ಮಗಳ ರಕ್ತ ನೋಡದೆ ಹೇಳಲಾಗದು ಎಂದರು ಕಿರ್ಸ್ಟನ್. ಅವಳಿಗೂ ಇರುವುದಾದರೆ ಒಂದು ಪಾಲು ತಾಯಿಯಿಂದಲೂ ಬಂದಿರಲೇಬೇಕು. ನೀವಿಬ್ಬರೂ ರಕ್ತಸಂಬಂಧಿಗಳಾದ್ದರಿಂದ ಅದು ಆಗುವಂಥದ್ದೇ. ಮಂಜುಳಾ ಇದನ್ನು ಕೇಳಿಸಿಕೊಂಡು ಕುಗ್ಗುತ್ತಾಳೆಂದು ನಾನು ಹೆದರಿದ್ದೆ. ಅವಳು ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದಳು.

"ಹಂಗಾರೆ ನಂದೂ ಪಾಲೈತೆ," ಎಂದಳು. "ಇಷ್ಟು ದಿನ ಅಪ್ಪನ ಚಾಳಿ ಅಪ್ಪನ ಚಾಳಿ ಅಂತ ನಿಮ್ಮೊಬ್ರ ಮೇಲೇ ಹಾಕೋರು. ಇನ್ಮೇಕೆ ಅಂದೋರ್ಗೆ ನಾನೂ ಮಾತಾಡ್ತೀನಿ."

ಆಮೇಲೆ ನನಗೊಂದಿಷ್ಟು ಬುದ್ಧಿ ಹೇಳಿದರು. ಏರಿಗೆ ಮುಂಚೆ ಸ್ವಲ್ಪ ಸಿಹಿ ತಿನ್ನುವುದು, ನಿಧಾನಕ್ಕೆ ಶುರು ಮಾಡುವುದು, ಕಾಲು ಬಿಗಿದ ಕೂಡಲೇ ನಿಲ್ಲುವುದು, ಹಠಕ್ಕೆ ಭಾರ ಹೊರದಿರುವುದು. ಮಗಳ ರಕ್ತ ಮಂಗಳೂರಿನಲ್ಲಿ ಕೊಡುವುದು. ಅಲ್ಲಿಯವರೆಗೆ ಅವಳನ್ನು ಯಾರೂ ಓಡಿಸಬಾರದು. ಸಾಹುಕಾರರ ಉಪದೇಶಕ್ಕಿಂತ ಇದು ಚಿಕ್ಕದಾಗಿತ್ತು, ಪೂರ್ತಿ ನೆನಪಿಟ್ಟುಕೊಂಡೆ.

ಯಸಳೂರು

ಪಾಳ್ಯದಿಂದ ಸಿಂಚನಾಳನ್ನು ಕರೆದುಕೊಂಡು ಸಕಲೇಶಪುರದಲ್ಲಿ ಬಸ್ಸು ಹಿಡಿದೆವು. ಅವಳಿಗೆ ಸುದ್ದಿ ಗೊತ್ತಿತ್ತು. ಅತ್ತೆ ಫೋನಿನಲ್ಲಿ ಕೇಳಿ, ಇಡೀ ಬೀದಿಗೆ ಕೇಳುವಂತೆ "ಐತಂತೆ, ಐತಂತೆ" ಎಂದಿದ್ದರು. ಆದರೆ ಅವಳು ಅದರ ಬಗ್ಗೆ ಏನೂ ಕೇಳಲಿಲ್ಲ. ಕೂಸುಗಳನ್ನು ಬೀದಿಯಲ್ಲಿ ಮಲಗಿಸುವ ಕಥೆಯನ್ನು ಮಾತ್ರ ಎರಡೆರಡು ಸಲ ಹೇಳಿಸಿದಳು.

ಬಸ್ಸು ಇಳಿದರೆ ಮನೆಗೆ ಒಂದು ಏರು. ಮಂಜುಳಾ ಸೂಟ್‌ಕೇಸು ಹೊತ್ತು ಮುಂದೆ ಹೋದಳು. ನಾನೂ ಸಿಂಚನಾಳೂ ಹಿಂದೆ. ತಿರುವಿನ ಹತ್ತಿರ ಅವಳು ತಟ್ಟನೆ ಬಗ್ಗಿ ಚಪ್ಪಲಿಯ ಪಟ್ಟಿ ಬಿಚ್ಚಿ ಮತ್ತೆ ಹಾಕತೊಡಗಿದಳು. ಪಟ್ಟಿಗೆ ಏನೂ ಆಗಿರಲಿಲ್ಲ. ಬಿಚ್ಚಿದಳು, ಹಾಕಿದಳು, ಇನ್ನೊಂದು ಕಾಲಿನದನ್ನೂ ಬಿಚ್ಚಿದಳು. ನಾನೂ ಅಷ್ಟೆ, ನಿಲ್ಲಬೇಕಾದಾಗಲೆಲ್ಲ ಮೆಣಸಿನ ಬಳ್ಳಿಗೆ ಹುಳ ಬಿದ್ದಿದೆಯಾ ಎಂದು ನೋಡುತ್ತೇನೆ. ಹುಳವಿಲ್ಲದ ಬಳ್ಳಿಗಳನ್ನು ನನ್ನಷ್ಟು ನೋಡಿದವರು ಈ ಹೋಬಳಿಯಲ್ಲಿ ಇಲ್ಲ. ಅವಳು ಇದನ್ನು ಯಾರಿಂದಲೂ ಕಲಿತಿರಲಿಲ್ಲ, ತಾನೇ ಕಂಡುಕೊಂಡಿದ್ದಳು.

"ಕಾಲು ಬಿಗೀತೇನವ್ವ?" ಎಂದೆ.

ಅವಳು ತಲೆ ಎತ್ತಲಿಲ್ಲ. ಹೂಂ ಎಂದಳು.

"ಚಪ್ಲಿ ಬಿಡು. ಸುಮ್ನೆ ನಿಂತ್ಕೊ."

ಅವಳು ಎದ್ದಳು. ಕೈಗೆ ಏನು ಕೆಲಸ ಕೊಡಬೇಕೆಂದು ಗೊತ್ತಾಗದೆ ಸ್ವಲ್ಪ ತಡವರಿಸಿದಳು. ಆಮೇಲೆ ದಾರಿಯ ನಡುವೆ, ಎಲ್ಲರಿಗೂ ಕಾಣುವಂತೆ, ಸುಮ್ಮನೆ ನಿಂತಳು. ನಾನೂ ಅವಳ ಪಕ್ಕ ನಿಂತೆ. ಕೆಳಗಿನಿಂದ ಒಂದು ಜೀಪು ಬಂತು. ಡ್ರೈವರ್ ನಿಧಾನ ಮಾಡಿ ತಲೆ ಹೊರಗೆ ಹಾಕಿದ.

"ಏನ್ ರೈಟ್ರೇ, ಅಪ್ಪ ಮಗ್ಳು ಇಬ್ರೂ ನಿಂತ್ಬುಟ್ರಿ?"

ನಾನು ಬಾಯಿ ತೆರೆಯುವ ಮೊದಲೇ ಸಿಂಚನಾ ಹೇಳಿದಳು.

"ಹೂಂ ಮಾವ. ನಿಂತಿದೀವಿ."

ಅವನು ತಲೆ ಒಳಗೆಳೆದುಕೊಂಡ. ಜೀಪು ಹೋಯಿತು. ನಾವು ಇನ್ನೂ ಸ್ವಲ್ಪ ಹೊತ್ತು ನಿಂತೆವು.